ಕೆಂಪು ಬಾಣ ಹಚ್ಚುವವಳು

ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಜೀವ ಹಿಡಿದುಕೊಂಡಿದ್ದು ಕೊನೆಗೂ ಮನೆಗೆ ಬಂದಿತ್ತು. ಮೈ ಬಂದರೂ ಮನಸ್ಸು ಬಾರದೆ ಉಳಿದವಳು ಸೊಸೆ. ಗೋಡೆಗೆ ಮುಖ ಮಾಡಿ ಮಲಗಿದರೆ ಮುಗಿಯಿತು. ಮಗು ಅತ್ತರೆ ಅತ್ತೆಯೇ ಓಡಬೇಕು, ಬಾಟಲಿಯನ್ನೂ ಅತ್ತೆಯೇ ಕುದಿಸಬೇಕು.

ಅತ್ತೆಗೆ ಮೂಗಿನ ತುದಿಯಲ್ಲೇ ಕೋಪ. ಇಂಥ ಸೋಮಾರಿಯನ್ನು ಎಲ್ಲೂ ಕಾಣೆ ಎಂದು ಮಗನೆದುರು ಹರಿಹಾಯ್ದಳು. ಬಸ್ ಕಂಡಕ್ಟರ್ ಮಗರಾಯ, ಸುಸ್ತಿರುತ್ತೆ ಬಿಡಮ್ಮ ಎಂದು ಡ್ಯೂಟಿಗೆ ನಡೆದ. ಆಸ್ಪತ್ರೆಯಲ್ಲೂ ಅಷ್ಟೇ. ಮಗುವಿನ ತೂಕ ಏರಿದರೆ ಎಲ್ಲರ ಮುಖ ಅರಳುತ್ತಿತ್ತು. ಚೀಲ ಹಿಡಿದು ನಿಂತ ತಾಯಿಯನ್ನು ಕೇಳುವವರಿರಲಿಲ್ಲ.

ಸೊಸೆ ಬಟ್ಟೆ ಕಾರ್ಖಾನೆಯಲ್ಲಿ ಚೆಕ್ಕಿಂಗ್ ಕೆಲಸದವಳು. ಹೊಲಿದು ಬಂದ ಅಂಗಿಯನ್ನು ದೀಪದಡಿ ತಿರುವಿ, ತಪ್ಪು ಕಂಡಲ್ಲಿ ಉಗುರಗಲದ ಕೆಂಪು ಬಾಣದ ಸ್ಟಿಕ್ಕರ್ ಹಚ್ಚಬೇಕು. ಬಾಣ ಬಿದ್ದ ಅಂಗಿ ಅಲ್ಲಿ ಇರುವಂತಿಲ್ಲ, ಹೊರಗೆ ಹೋಗಬೇಕು. ನಮ್ಮವಳ ಕಣ್ಣು ತಪ್ಪಿಸಿ ಒಂದು ಎಳೆಯೂ ಹೋಗದು ಎಂದು ಅತ್ತೆಯೇ ಅಕ್ಕಪಕ್ಕದವರ ಮುಂದೆ ಕೊಚ್ಚಿಕೊಂಡದ್ದುಂಟು.

ಆ ಬೆಳಿಗ್ಗೆ, ಇವಳ ಮೈ ನೀರು ಕಂಡು ಎಷ್ಟು ದಿನವಾಯಿತೋ ಎಂದು ಗೊಣಗುತ್ತ ಅತ್ತೆ ಅವಳನ್ನು ಬಚ್ಚಲಿಗೆ ಎಳೆದೊಯ್ದಳು. ನೈಟಿ ಎತ್ತಿದ ಕೈ ಅಲ್ಲೇ ನಿಂತಿತು. ಹೊಟ್ಟೆಯ ಮೇಲೆ ಕೆಂಪು ಬಾಣ. ಹಾಲು ಬತ್ತಿದ ಎರಡೂ ಎದೆಗಳ ಮೇಲೆ ಬಾಣ.

"ಏನೇ ಇದು?"

"ಮಗೂನ ತಿರುವಿ ತಿರುವಿ ನೋಡ್ದೆ ಅತ್ತೆ. ಅದರದ್ದೇನೂ ತಪ್ಪಿಲ್ಲ. ತಪ್ಪೆಲ್ಲ ಇಲ್ಲಿದೆ. ನಾನು ಇನ್ನು ಇಲ್ಲಿ ಇರಬಾರದು."

ಸೋಮಾರಿ ಎಂದು ಬೈದಿದ್ದ ಅತ್ತೆಗೆ ಈಗ ಹೊಳೆಯಿತು. ಅಯ್ಯೋ, ಇವಳು ಸಾಯಲು ಹೊರಟಿದ್ದಾಳೆ. ಮೂರು ಹೊತ್ತೂ ಮಗ್ಗುಲಲ್ಲೇ ಇದ್ದು ತನಗೆ ತಿಳಿಯಲಿಲ್ಲವಲ್ಲ! ಸೊಸೆಯ ಭುಜ ಹಿಡಿದು ಕೇಳಿದಳು.

"ಬಾಣ ಹಚ್ಚಿದ್ದನ್ನೆಲ್ಲ ಬಿಸಾಕ್ತೀರೇನೇ?"

ಸೊಸೆ ಯೋಚಿಸಿದಳು. ಕೆಲಸದ ಮಾತಿನಲ್ಲಿ ಸುಳ್ಳು ಹೇಳುವವಳಲ್ಲ. "ಇಲ್ಲ. ಬಿಚ್ಚಿ ಮತ್ತೆ ಹೊಲೀತಾರೆ. ಕೆಲವು ಆಗಲ್ಲ."

"ಯಾವುದು ಆಗಲ್ಲ ಅಂತ ಹೇಳೋಳು ನೀನಾ?"

"ನಾನಲ್ಲ. ನಾನು ಬರೀ ಬಾಣ ಹಚ್ಚೋಳು."

"ಹಾಗಾದ್ರೆ ಸುಮ್ನೆ ನಡಿ ನನ್ನ ಜೊತೆ."

ಅತ್ತೆ ಬಾಣಗಳನ್ನು ಕೀಳಲಿಲ್ಲ. ನೋಡಬೇಕಾದವರು ನೋಡಲಿ ಎಂದು ಅವುಗಳ ಮೇಲೆಯೇ ಬಟ್ಟೆ ತೊಡಿಸಿದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಸೊಸೆಯ ಕೈ ಹಿಡಿದು ಹೊರಬಿದ್ದಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಎಂದಿನಂತೆ, ಮಗುವಿಗೇನಾಯಿತು ಎಂದು ಕೇಳಿದ.

"ಮಗೂಗಲ್ಲಪ್ಪ, ತಾಯಿಗೆ" ಎಂದಳು ಅತ್ತೆ. ಅವನು ಚೀಟಿ ಕೊಟ್ಟಾಗ ತೆಗೆದುಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಒಂದರಲ್ಲಿ ಮಗುವಿತ್ತು. ಇನ್ನೊಂದನ್ನು ಅವಳು ಸಡಿಲಿಸಲಿಲ್ಲ.