ಹಿಂದಿನ ಅಚ್ಚು ಒಂದು ಬೆರಳು ಸೊಟ್ಟ

ನನ್ನ ಗಂಡ ಹಾನುಬಾಳಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ಎಸ್ಟೇಟ್ ಮಾರಿ ತನ್ನ ದೇಶಕ್ಕೆ ಹೊರಟ ಒಬ್ಬ ದೊರೆಯಿಂದ ಕೊಂಡ ಹಳೆಯ ಕಾರು ಅದು. ಉದ್ದನೆಯ ಮೂತಿ, ಭಾರಿ ಎಂಜಿನ್ನು, ಅಲ್ಲಲ್ಲಿ ಬಣ್ಣ ಎದ್ದ ಮೈ. ಸಕಲೇಶಪುರದ ಕಚೇರಿಗೆ ಹೋಗುವವರು, ಹೆರಿಗೆ ನೋವಿನ ಹೆಂಗಸರು, ಮದುವೆಯ ಗಂಡು ಹೆಣ್ಣು ಎಲ್ಲರೂ ಅದರಲ್ಲೇ. ದಿನಾ ಬೆಳಿಗ್ಗೆ ಅವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಏನೋ ಪಿಸುಗುಟ್ಟಿ ಆಮೇಲೆ ಸ್ಟಾರ್ಟ್ ಮಾಡುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ನನಗೆ ಅದನ್ನು ಕಂಡು ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಹತ್ತಿರ ಆ ಮನುಷ್ಯ ಒಂದು ಸಲವಾದರೂ ಅಷ್ಟು ಮೆತ್ತಗೆ ಮಾತಾಡಿದ್ದುಂಟೇ!

ಅರವತ್ತರ ದಶಕದ ಮೊದಮೊದಲ ವರ್ಷಗಳಿರಬೇಕು. ಕಾಫಿ ಕುಯ್ಲು ಮುಗಿದು ಬಿಸಿಲು ಬಲಿಯುತ್ತಿದ್ದ ಕಾಲದಲ್ಲಿ, ತೋಟದ ಮಾಲೀಕರು ಸೇರಿಕೊಂಡು ಒಂದು ಕಾರು ಓಟ ಇಟ್ಟರು. ತಿರುವಿಲ್ಲ, ಏರಿಲ್ಲ, ನೇರ ಎರಡು ಫರ್ಲಾಂಗು. ನಿಂತಲ್ಲಿಂದ ಎರಡೆರಡು ಕಾರು ಒಟ್ಟಿಗೆ ಹೊರಡಬೇಕು, ಆ ತುದಿಯ ಬಾವುಟವನ್ನು ಮೊದಲು ದಾಟಿದವರು ಗೆದ್ದಂತೆ. ನಮ್ಮ ಬೆಟ್ಟದ ಸೀಮೆಯಲ್ಲಿ ಅಷ್ಟು ನೆಟ್ಟನೆಯ ರಸ್ತೆ ಎಲ್ಲಿಂದ ತರುವುದು? ಅದಕ್ಕೆ ಆಲೂರು ಕಡೆಯ ಮಗ್ಗೆಯ ಹತ್ತಿರ ಬತ್ತಿದ್ದ ಒಂದು ಕೆರೆಯ ಅಂಗಳವನ್ನು ಆರಿಸಿದರು. ಮಗ್ಗೆ ನನ್ನ ತೌರು. ಬಾಡಿಗೆ ಕಾರಿನವರೂ ಸೇರಬಹುದು ಎಂದದ್ದೇ ತಡ, ನನ್ನ ಗಂಡ ಹೆಸರು ಕೊಟ್ಟು ಬಂದರು.

ಮುಂದಿನ ಭಾನುವಾರ ಅಭ್ಯಾಸಕ್ಕೆಂದು ಕೆರೆಗೆ ಹೋದೆವು. ಅಪ್ಪ ಮಜ್ಜಿಗೆ ಚೊಂಬು ಹಿಡಿದು ಏರಿಯ ಮೇಲೆ ಬಂದು ನಿಂತರು. ಇವರು ಕಾರನ್ನು ಒಂದು ತುದಿಯಲ್ಲಿ ನಿಲ್ಲಿಸಿ ಒಮ್ಮೆಲೇ ಆಕ್ಸಲೇಟರ್ ಒತ್ತಿದರು. ಎಂಜಿನ್ನು ಗುಡುಗಿತು, ಧೂಳು ಎದ್ದಿತು. ಕಾರು ಮುಂದಕ್ಕೆ ಹಾರಿದ್ದೇನೋ ನಿಜ, ಆದರೆ ಎಡಕ್ಕೆ ತಿರುಗಿ ಏರಿಯ ಕಡೆಗೇ ಹೊರಟಿತು. ಇವರು ಸ್ಟೇರಿಂಗ್ ಹಿಡಿದು ಗುದ್ದಾಡಿ, ಅಪ್ಪ ನಿಂತಲ್ಲಿಂದ ನಾಲ್ಕು ಮಾರು ದೂರದಲ್ಲಿ ಬ್ರೇಕ್ ಹಾಕಿದರು. ಇನ್ನೂ ಮೂರು ಸಲ ಓಡಿಸಿದರು. ಮೂರು ಸಲವೂ ಅದೇ ಕತೆ.

“ಮುಂದಿನ ಚಕ್ರ ಸಾಬ್ರು ಎರಡು ಸಲ ಸರಿ ಮಾಡವ್ರೆ. ಆದ್ರೂ ಎಡಕ್ಕೆ ಎಳೀತೈತೆ ಮಾರಾಯ್ತಿ!” ಎಂದು ಬೆವರು ಒರೆಸಿಕೊಂಡರು. ಸಾಬರೆಂದರೆ ಸಕಲೇಶಪುರದಲ್ಲಿ ನಮ್ಮ ಕಾರು ರಿಪೇರಿ ಮಾಡುತ್ತಿದ್ದ ವಯಸ್ಸಾದ ಮೆಕ್ಯಾನಿಕ್ಕು.

ಧೂಳು ಕೂತಿತ್ತು. ನಾನು ಅಂಗಳಕ್ಕಿಳಿದು ಕಾರು ಹೋದ ದಾರಿಯನ್ನು ನೋಡುತ್ತ ನಡೆದೆ. ಟಾರು ರಸ್ತೆಯಲ್ಲಾದರೆ ಏನೂ ಕಾಣುತ್ತಿರಲಿಲ್ಲ. ಇಲ್ಲಿ ಹಿಟ್ಟಿನಂಥ ಮಣ್ಣು. ಟೈರಿನ ಒಂದೊಂದು ಹಲ್ಲೂ ಮೂಡಿತ್ತು. ಕಾರು ನೆಟ್ಟಗೆ ಓಡಿದ್ದ ಕಡೆಯಲ್ಲಾದರೂ ಹಿಂದಿನ ಚಕ್ರ ಮುಂದಿನ ಚಕ್ರದ ಗುರುತಿನ ಮೇಲೇ ಹೋಗಬೇಕಲ್ಲವೇ? ಹೋಗಿರಲಿಲ್ಲ. ಎರಡು ಹಿಂದಿನ ಗುರುತುಗಳೂ ಬಲಕ್ಕೆ ಸರಿದಿದ್ದವು. ಎರಡು ಗೆರೆ ಇರಬೇಕಾದ ಕಡೆ ನಾಲ್ಕು ಗೆರೆ ಇತ್ತು.

ಚಿಕ್ಕಂದಿನಿಂದ ಅಪ್ಪನ ಕೂರಿಗೆಯ ಹಿಂದೆ ರಾಗಿ ಬಿತ್ತಿದವಳು ನಾನು. ಕೂರಿಗೆಯನ್ನು ನೊಗಕ್ಕೆ ಕಟ್ಟುವ ಎರಡು ಹಗ್ಗಗಳಲ್ಲಿ ಒಂದು ಉದ್ದವಾದರೆ ಸಾಕು, ಎತ್ತು ನೆಟ್ಟಗೆ ನಡೆದರೂ ಕೂರಿಗೆ ಓರೆಯಾಗಿ ಬರುತ್ತದೆ, ಸಾಲು ಕೆಡುತ್ತದೆ.

“ರೀ, ಮುಂದಿನ ಚಕ್ರದ್ದಲ್ಲ ತಪ್ಪು. ಹಿಂದಿಂದು ಸೊಟ್ಟ ಕೂತೈತೆ. ಬಂದು ನೋಡ್ರೀ” ಎಂದೆ.

“ಕೂರಿಗೆ ಹಿಡ್ದೋಳು ನಂಗೆ ಕಾರು ಹೇಳ್ಕೊಡ್ತಾಳೆ!” ಎಂದು ಅವರು ನಕ್ಕರು. ಆದರೆ ಬಂದು ನೋಡಿದರು. ನಗು ನಿಂತಿತು. ಅಪ್ಪನೂ ಬಂದು ಕುಕ್ಕರಗಾಲಲ್ಲಿ ಕೂತು ಗೆರೆಗಳ ನಡುವೆ ಬೆರಳಿಟ್ಟು ಅಳೆದರು. “ಅಳಿಯಂದ್ರೇ, ಮಗಳು ಹೇಳ್ತಿರೋದು ಸರಿ ಕಣ್ರೀ” ಎಂದಷ್ಟೇ ಹೇಳಿ ಮಜ್ಜಿಗೆ ಕೊಟ್ಟರು.

ವಾಪಸು ಬರುವಾಗ ನನಗೆ ಇವರ ಸಿಟ್ಟಿನದೇ ಯೋಚನೆ. ಹಿಂದೊಮ್ಮೆ ಬಸ್ಸಿನ ಡ್ರೈವರೊಬ್ಬ, “ನಿನ್ನ ಕಾರು ನಾಯಿ ಓಡ್ದಂಗೆ ಓರೆಯಾಗಿ ಓಡ್ತೈತೆ ಕಣೋ” ಎಂದದ್ದಕ್ಕೆ ತಿಂಗಳುಗಟ್ಟಲೆ ಅವನ ಮುಖ ನೋಡದ ಮನುಷ್ಯ. ನಾನು ಕಿಟಕಿಯ ಆಚೆ ನೋಡುತ್ತ ಕೂತೆ. ಸಕಲೇಶಪುರ ಮುಟ್ಟಿದ ಮೇಲೆ ಕಾರು ಹಾನುಬಾಳಿನ ದಾರಿ ಹಿಡಿಯದೆ ಸಾಬರ ಶೆಡ್ಡಿನ ಮುಂದೆ ನಿಂತಿತು.

“ಇಳಿ. ಕಂಡೋಳು ನೀನು, ನೀನೇ ಹೇಳು” ಎಂದರು.

ನಾನು ಹೇಳಿದೆ. ಸಾಬರು ನಗಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, “ಗುರ್ತು ಹೆಂಗಿತ್ತು, ಇಲ್ಲಿ ಬರ್ದು ತೋರ್ಸು ತಂಗಿ” ಎಂದರು. ನೆಲದ ಮೇಲೆ ಕಡ್ಡಿಯಿಂದ ನಾಲ್ಕು ಗೆರೆ ಎಳೆದೆ. ಅವರು ಹಣೆ ಚಚ್ಚಿಕೊಂಡರು. “ಎರಡು ಸಲ ಮುಂದಿಂದೇ ತಿರುಗಿಸ್ತಾ ಕೂತೆ ನೋಡು! ಹಿಂದಕ್ಕೆ ಬಗ್ಗಿ ನೋಡ್ಲೇ ಇಲ್ಲ.”

ಮೊದಲು ನಾಲ್ಕು ಟೈರಿಗೂ ಗಾಳಿ ಸಮ ಮಾಡಿದರು. ಮುಂದಿನ ಚಕ್ರಗಳನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ ಟೇಪು ಓರೆಯಾಗದಿರಲೆಂದು ಕಾಫಿ ಮೂಟೆ ಹೊಲಿಯುವ ದಾರವನ್ನು ಕಾರಿನ ಎರಡು ಪಕ್ಕಕ್ಕೂ ಚಕ್ರದ ನಡುಮಟ್ಟಕ್ಕೆ ಎಳೆದು ಕಟ್ಟಿದೆವು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪು ಹಿಡಿದು ಅಳೆದರು. ಒಂದು ತುದಿ ನನ್ನ ಕೈಯಲ್ಲಿ. ಬಲಗಡೆ ಒಂದು ಬೆರಳಿನಷ್ಟು ಉದ್ದ ಬಂತು. ಅಂದರೆ ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಅಚ್ಚಿನ ಬಲತುದಿ ಅಷ್ಟು ಹಿಂದಕ್ಕೆ ಜಾರಿತ್ತು. ಮೆಲ್ಲಗೆ ಓಡಿಸುವಾಗ ಕೈ ಅಭ್ಯಾಸವಾಗಿ ಅದು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಒಮ್ಮೆಲೇ ಜೋರು ಮಾಡಿದರೆ ಎಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೇ ಬೀಳುತ್ತದೆ. ಆ ಚಕ್ರ ಓರೆಯಾಗಿ ನೂಕಿದರೆ ಮುಂದಿನದು ಏನು ತಾನೇ ಮಾಡೀತು?

ಸಾಬರು ಕಾರಿನ ಅಡಿಗೆ ತೂರಿಕೊಂಡರು. ಅಚ್ಚು ಕೂರುವುದು ಬಾಗಿದ ಕಬ್ಬಿಣದ ಪಟ್ಟಿಗಳ ಕಟ್ಟಿನ ಮೇಲೆ. ಅದು ಜಾರದಂತೆ ನಡುವೆ ಹಿಡಿದಿರುವ ಬೋಲ್ಟು ಬಲಗಡೆಯಲ್ಲಿ ಮುರಿದುಹೋಗಿತ್ತು. ಯಾವಾಗ ಮುರಿಯಿತೋ! ಹೋದ ಮಳೆಗಾಲದಲ್ಲಿ ಮೋರಿಯ ಕಲ್ಲಿಗೆ ಬಡಿದಾಗಲೇ ಇರಬೇಕು ಎಂದು ಇವರು ತಲೆ ಕೆರೆದುಕೊಂಡರು.

ಹೊಸ ಬೋಲ್ಟು ಮಾಡಿಸಿ, ಜಾಕು ಕೊಟ್ಟು, ಸಬ್ಬಲಿನಿಂದ ಅಚ್ಚನ್ನು ಮೀಟಿ ಮುಂದಕ್ಕೆ ತರುವಷ್ಟರಲ್ಲಿ ಮಾರನೆಯ ದಿನ ಮಧ್ಯಾಹ್ನವಾಯಿತು. ಹಾನುಬಾಳಿಂದ ಬಸ್ಸಿಗೆ ಬಂದು ನಾನೂ ಅಲ್ಲಿದ್ದೆ. ಬೇಡ ಎಂದು ಇವರು ಅನ್ನಲಿಲ್ಲ. ಮತ್ತೆ ದಾರ ಕಟ್ಟಿ ಅಳೆದಾಗ ಇನ್ನೂ ಒಂದು ನೂಲಿನಷ್ಟು, ದಪ್ಪ ರೊಟ್ಟಿಯ ಅಂಚಿನಷ್ಟು, ವ್ಯತ್ಯಾಸ ಉಳಿದಿತ್ತು.

“ಒಂದು ನೂಲು ತಾನೇ, ಬಿಟ್ಬುಡಿ. ಯಾರು ಕಂಡಾರು?” ಎಂದರು ಸಾಬರು.

“ಇವಳು ಕಾಣ್ತಾಳೆ ಸಾಬ್ರೇ” ಎಂದರು ನನ್ನ ಗಂಡ. ನಾನು ಸೆರಗು ಅಡ್ಡ ಹಿಡಿದು ನಕ್ಕೆ. ಸಾಬರೂ ನಗುತ್ತಲೇ ಎಲ್ಲ ನಟ್ಟು ಸಡಿಲಿಸಿದರು. ಮೂರನೆಯ ಸಲ ಎರಡೂ ಪಕ್ಕ ಒಂದೇ ಅಳತೆ ಬಂತು. ಜಾಕು ಇಳಿಸಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ಕಳಿಸಿಕೊಟ್ಟರು.

ಓಟದ ದಿನ ಕೆರೆ ಏರಿಯ ತುಂಬ ಜನ. ಮೊದಲ ಸುತ್ತಿನಲ್ಲಿ ನಮ್ಮದರ ಪಕ್ಕಕ್ಕೆ ನಿಂತದ್ದು ಒಬ್ಬ ಎಸ್ಟೇಟ್ ಮಾಲೀಕರ ಹೊಸ ಕಾರು. ಹೊರಡುವ ಗುರುತಿಗೆ ಎತ್ತಿ ಹಿಡಿದಿದ್ದ ಕರವಸ್ತ್ರ ಬಿದ್ದದ್ದೇ, ಆ ಕಾರಿನ ಚಕ್ರ ನಿಂತಲ್ಲೇ ಗಿರ್ರನೆ ಸುತ್ತಿ ಮಣ್ಣು ತೋಡಿತು. ನಮ್ಮದು ಬಿಟ್ಟ ಬಾಣದಂತೆ ಹೊರಟಿತು. ಎಡಕ್ಕಿಲ್ಲ, ಬಲಕ್ಕಿಲ್ಲ. ನಾನು ಎರಡೂ ಮುಷ್ಟಿ ಬಿಗಿದು ನಿಂತಿದ್ದೆನಂತೆ. ಉಗುರಿನ ಗುರುತು ಸಂಜೆಯವರೆಗೂ ಅಂಗೈಯಲ್ಲಿತ್ತು. ಗೆದ್ದೆವು. ಎರಡನೆಯ ಸುತ್ತೂ ಗೆದ್ದೆವು. ಕೊನೆಯ ಸುತ್ತಿನಲ್ಲಿ ಒಂದು ಹಗುರ ಕಾರು ನಮಗಿಂತ ಅರ್ಧ ಕಾರಿನಷ್ಟು ಮೊದಲು ಬಾವುಟ ದಾಟಿಬಿಟ್ಟಿತು.

ಇವರು ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆಂದುಕೊಂಡಿದ್ದೆ. ಹಾಗಾಗಲಿಲ್ಲ. ಎರಡನೆಯ ಬಹುಮಾನ ಕೊಟ್ಟ ಮಾಲೀಕರು, “ಈ ಹಳೇ ಗಾಡಿ ಇಷ್ಟು ನೆಟ್ಟಗೆ ಹೆಂಗೆ ಓಡ್ತಪ್ಪಾ?” ಎಂದು ಕೇಳಿದಾಗ, ಅಷ್ಟು ಗಂಡಸರ ಮುಂದೆ, “ನನ್ನ ಹೆಂಡ್ತಿ ಕಂಡುಹಿಡಿದ್ಲು ಸ್ವಾಮಿ, ಸಾಬ್ರು ಸರಿ ಮಾಡಿದ್ರು, ನಾನು ಸುಮ್ನೆ ಕೂತಿದ್ದೆ” ಎಂದುಬಿಟ್ಟರು. ಆಗಿನ ಕಾಲದಲ್ಲಿ ಹೆಂಡತಿಯ ಮಾತನ್ನು ಸಭೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾಚಿಕೆಯಾಗಿ ನಾನು ಓಟ ನೋಡಲು ಬಂದಿದ್ದ ತೌರಿನ ಅತ್ತಿಗೆಯ ಬೆನ್ನ ಹಿಂದೆ ಸರಿದೆ. ಸಂತೋಷವೂ ಆಗಿತ್ತು, ಸುಳ್ಳೇಕೆ.

ಜನ ಕರಗಿದ ಮೇಲೆ ಅಪ್ಪ ಕಾರಿನ ಹತ್ತಿರ ಬಂದರು. ಮದುವೆಯಾಗಿ ಮೂರು ವರ್ಷವಾದರೂ ಅವರು ಅದರಲ್ಲಿ ಕೂತಿರಲಿಲ್ಲ. ಎಷ್ಟು ಕರೆದರೂ “ನಂಗೆ ಕಾಲೈತೆ” ಎನ್ನುತ್ತಿದ್ದರು. ಅವತ್ತು ತಾವೇ ಮುಂದಿನ ಬಾಗಿಲು ತೆಗೆದು, ಕಾಲಿನ ಧೂಳು ಕೊಡವಿ, ಪೇಟ ಸರಿಮಾಡಿಕೊಂಡು ಕೂತರು. ನಾನು ಹಿಂದೆ ಕೂತೆ.

“ಮನೆಗಾ ಮಾವಾ?” ಎಂದು ಇವರು ಕೇಳಿದರು.

“ಊರು ಒಂದು ಸುತ್ತು ಹಾಕ್ಕೊಂಡು ಹೋಗೋಣ ಬನ್ನಿ” ಎಂದರು ಅಪ್ಪ. “ಅವಸರ ಇಲ್ಲ, ಮೆಲ್ಲಗೆ ಹೊಡೀರಿ.”

ಮಗ್ಗೆಯ ಬೀದಿಗಳಲ್ಲಿ ಎತ್ತಿನ ಗಾಡಿಯ ನಡಿಗೆಯಲ್ಲಿ ಹೋದೆವು. ಜಗಲಿಯ ಮೇಲೆ ಕೂತವರನ್ನು ಕಂಡಲ್ಲೆಲ್ಲ ಅಪ್ಪ ಕೈಯೆತ್ತಿದರು. ಒಂದು ಸುತ್ತು ಮುಗಿದು ಮನೆ ಬಂದಾಗ ಅವರು ಇಳಿಯಲಿಲ್ಲ. ಮೇಲಿನ ಕೇರಿಯ ತಮ್ಮ ಷಡ್ಡಕರು ಆಗ ಜಗಲಿಯ ಮೇಲೆ ಕಾಣಲಿಲ್ಲ, ಈಗ ಬಂದಿರಬಹುದು ಎಂದರು. ನನ್ನ ಗಂಡ ನಗು ತಡೆದುಕೊಂಡು ಕಾರನ್ನು ಮತ್ತೆ ತಿರುಗಿಸಿದರು.