ಮೂವತ್ತೊಂದು ಫ್ರೇಮುಗಳ ಹಿಂದಿನ ಬಿಳಿ

ಕನ್ನಡಕದಂಗಡಿಯಲ್ಲಿ ಅವಳಿಗೆ ಮೂಗಿನಕ್ಕ ಅಂತಲೇ ಹೆಸರು. ಬಂದವರ ಮುಖ ನೋಡುವ ಮೊದಲು ಮೂಗು ನೋಡುತ್ತಾಳೆ. ಇಪ್ಪತ್ತಾರು ವರ್ಷದಿಂದ ಊರಿನವರ ಮೂಗಿನ ಮೇಲೆ ಕನ್ನಡಕ ಕೂರಿಸಿದವಳು. ಯಾರ ಬಲಗಿವಿ ಕೂದಲೆಳೆಯಷ್ಟು ಕೆಳಗಿದೆ ಎಂದು ಬಾಗಿಲಲ್ಲೇ ಹೇಳಬಲ್ಲಳು. ಅವಳ ಅಣ್ಣ ಹಿಂದಿನ ಕೋಣೆಯಲ್ಲಿ ಅರ ಹಿಡಿದು ಕೂತವನು. ಕಂಪನಿ ಫ್ರೇಮು ಹೊಂದದ ಮುಖಗಳಿಗೆ ಇವಳು ಅಳತೆ ತರುತ್ತಾಳೆ, ಅವನು ಕೈಯಲ್ಲೇ ಫ್ರೇಮು ಮಾಡುತ್ತಾನೆ. ಗಿರಾಕಿ ಎಂದರೆ ಅವನಿಗೆ ಅಷ್ಟಕ್ಕಷ್ಟೆ, ಮುಂದಿನ ಕೋಣೆಗೆ ತಲೆಯೇ ಹಾಕುವುದಿಲ್ಲ.

ಈ ವರ್ಷ ಅಂಗಡಿಯ ಯಜಮಾನರು ವೆಬ್ ಪೇಜ್ ಮಾಡಿಸಿದರು. ಗಿರಾಕಿ ತನ್ನ ಫೋಟೋ ಹಾಕಿದರೆ ಸಾಕು, ಬೇಕಾದ ಫ್ರೇಮಿನ ಚಿತ್ರ ಅದರ ಮೇಲೆ ಕೂರುತ್ತದೆ. ಹಿನ್ನೆಲೆ ಇಲ್ಲದ ಚಿತ್ರಗಳನ್ನು ಕಂಪನಿಯವರೇ ಕಳಿಸಿದ್ದರು. ಮಾದರಿಗೆಂದು ಅಂಗಡಿಯಲ್ಲಿಟ್ಟಿದ್ದ ಅಣ್ಣನ ಮೂವತ್ತೊಂದು ಫ್ರೇಮುಗಳಿಗೆ ಚಿತ್ರವೇ ಇರಲಿಲ್ಲ.

"ಪೇಜಲ್ಲಿ ಇಲ್ಲದ್ದು ಅಂಗಡೀಲಿ ಯಾಕೆ ಅಕ್ಕಾ? ನಿಮ್ಮಣ್ಣನ ಮೇಜು ತೆಗೆದ್ರೆ ಕಣ್ಣು ಪರೀಕ್ಷೆ ಮೆಷಿನ್ ಇಡಬಹುದು" ಎಂದರು ಯಜಮಾನರು.

"ಸೋಮವಾರದವರೆಗೆ ಟೈಮ್ ಕೊಡಿ. ಮೂವತ್ತೊಂದಕ್ಕೂ ಚಿತ್ರ ಮಾಡಿ ಕೊಡ್ತೀನಿ."

"ನಿಮಗೆ ಬರತ್ತಾ?"

"ಬರಲ್ಲ. ಕಲೀತೀನಿ."

ಹಿಡಿದ ಪಟ್ಟು ಬಿಡುವ ಹೆಂಗಸಲ್ಲ. ಬಿಳಿ ಕಾಗದದ ಮೇಲೆ ಒಂದೊಂದೇ ಫ್ರೇಮು ಇಟ್ಟು ಫೋಟೋ ತೆಗೆದಳು. ಹಿನ್ನೆಲೆಯನ್ನು ತಾನೇ ಅಳಿಸುವ ಬಟನ್ ಒತ್ತಿದರೆ, ಅದು ಬಿಳಿಯ ಜೊತೆಗೆ ತೆಳ್ಳನೆಯ ಕಡ್ಡಿಗಳನ್ನೂ ನುಂಗಿ ಹಾಕಿತು. ಸರಿ, ಕೈಯಲ್ಲೇ ಆಗಲಿ ಎಂದು ಅಂಚಿನುದ್ದಕ್ಕೂ ಚುಕ್ಕಿ ಇಡುತ್ತ ಹೋದಳು. ಮೊದಲನೆಯದನ್ನು ಯಜಮಾನರ ಫೋಟೋ ಮೇಲೆ ಕೂರಿಸಿ ನೋಡಿದರೆ ಅವರ ಕಣ್ಣಿರುವಲ್ಲಿ ಎರಡು ಬಿಳಿ ಬಿಲ್ಲೆ! ಹೊರಗಿನ ಬಿಳಿ ತೆಗೆದು, ಗಾಜು ಕೂರುವ ಜಾಗದ ಬಿಳಿಯನ್ನು ಹಾಗೇ ಬಿಟ್ಟಿದ್ದಳು. ಯಜಮಾನರು "ನಾನೇನು ದೆವ್ವಾನಾ ಅಕ್ಕಾ?" ಎಂದರು. ಅವಳು ಆ ಮಾತಿಗೆ ಸೊಪ್ಪು ಹಾಕದೆ ಒಳಗಿನ ಜಾಗವನ್ನೂ ಕತ್ತರಿಸಿದಳು.

ಶನಿವಾರ ಮಧ್ಯಾಹ್ನಕ್ಕೆ ಮೂವತ್ತೊಂದೂ ಮುಗಿದವು. ಪೇಜಿಗೆ ಏರಿಸಿದರೆ ಮೊದಲನೆಯದೊಂದನ್ನು ಬಿಟ್ಟು ಉಳಿದ ಮೂವತ್ತಕ್ಕೂ ಬಿಳಿ ಮತ್ತೆ ಬಂದು ಯಜಮಾನರ ಮುಖವನ್ನೇ ಮುಚ್ಚಿತು. ಗಾಬರಿಯಾಗಿ ಪೇಜ್ ಮಾಡಿದ ಹುಡುಗಿಗೆ ಫೋನ್ ಮಾಡಿದಳು.

"ಮೊದಲನೇದು ಮಾತ್ರ ಪಿಎನ್‌ಜಿ ಆಗಿದೆ, ಉಳಿದವನ್ನ ಜೆಪಿಜಿಯಲ್ಲಿ ಸೇವ್ ಮಾಡಿದ್ದೀರಾ ಆಂಟಿ. ಅದಕ್ಕೆ ಖಾಲಿ ಜಾಗ ಅನ್ನೋದೇ ಗೊತ್ತಿಲ್ಲ, ಬಿಳಿ ತುಂಬಿಬಿಡತ್ತೆ. ಪಿಎನ್‌ಜಿ ಅಂತ ಆರಿಸ್ಕೋಬೇಕಿತ್ತು. ಈಗ ಮತ್ತೆ ಕತ್ತರಿಸಬೇಕು."

ಮಾಡಿದ್ದುಣ್ಣೋ ಮಹರಾಯ. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಒರೆಸಿಕೊಂಡು ಅಲ್ಲಿಂದಲೇ ಎರಡನೆಯದನ್ನು ತೆರೆದಳು. ಭಾನುವಾರ ಅಂಗಡಿ ಮುಚ್ಚಿದ್ದರೂ ಬೀಗ ತೆಗೆಸಿ ಕೂತಳು. ಪ್ರತಿ ಸಲ ಸೇವ್ ಮಾಡುವಾಗಲೂ ಪಿಎನ್‌ಜಿ ಎಂದು ಬಾಯಿಬಿಟ್ಟು ಹೇಳಿಕೊಂಡಳು.

ಸೋಮವಾರ ಯಜಮಾನರು ಒಂದೊಂದನ್ನೂ ತಮ್ಮ ಫೋಟೋ ಮೇಲೆ ಕೂರಿಸಿ ನೋಡಿದರು. ಬಿಳಿ ಎಲ್ಲೂ ಇರಲಿಲ್ಲ.

"ಚೆನ್ನಾಗಿದೆ. ಆದ್ರೆ ಈ ಅರದ ಗೆರೆಗಳು ಕಾಣ್ತವೆ. ಅಳಿಸಿಬಿಡಿ, ಕಂಪನೀದರ ಹಾಗೆ ನುಣ್ಣಗಿರಲಿ."

"ಹಿಂದಿನ ಬಿಳಿ ತೆಗೆದಿದ್ದೀನಿ ಯಜಮಾನ್ರೇ. ಅಣ್ಣನ ಕೈಯನ್ನ ತೆಗೆಯಲ್ಲ."

ಯಜಮಾನರು ಅವಳನ್ನೂ ಪರದೆಯನ್ನೂ ನೋಡಿ, "ಆಯ್ತು, ಇರಲಿ. ಮೇಜೂ ಇರಲಿ" ಎಂದು ಎದ್ದು ಹೋದರು.

ಅವಳು ಅಣ್ಣನನ್ನು ಕೈ ಹಿಡಿದು ಎಳೆತಂದು ಪರದೆಯ ಮುಂದೆ ಕೂರಿಸಿದಳು. ಅವನು ಒಂದೊಂದೇ ಫ್ರೇಮನ್ನು ಯಜಮಾನರ ಮುಖದ ಮೇಲೆ ಕೂರಿಸುತ್ತ ಹೋದ. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತೊಂದೂ ಆಗಿ ಮತ್ತೆ ಮೊದಲನೆಯದಕ್ಕೇ ಬಂದ.

"ಏನಣ್ಣಾ, ಸರಿಯಿಲ್ವಾ?"

"ಅಳತೆ ನೀನು ತರ್ತಿದ್ದೆ, ಮಾಡಿದ್ದನ್ನ ನೀನೇ ತಗೊಂಡ್ ಹೋಗ್ತಿದ್ದೆ" ಎಂದ. "ಇಷ್ಟು ವರ್ಷದಲ್ಲಿ ಒಂದು ಮುಖದ ಮೇಲೂ ನಾನು ಇವನ್ನ ನೋಡಿರ್ಲಿಲ್ಲ ಕಣೇ."