ಮಲ್ಲಂದೂರಿನ ಬೋರ್ಡು

ಆ ಹುಡುಗಿಗೆ ನೀವು ಓದು ಕಲಿಸಿದಿರಾ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನಲ್ಲಿ ನೇರ ಉತ್ತರವಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚಿಕ್ಕಮಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಬುದ್ಧಿ ನಿಧಾನವಾಗಿ ಬೆಳೆಯುತ್ತಿದ್ದ ಐದು ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, "ಇವರನ್ನು ನೀವು ನೋಡ್ಕೊಳ್ಳಿ" ಎಂದು ಹೆಡ್‌ಮಾಸ್ಟರು ನನಗೆ ಒಪ್ಪಿಸಿದ್ದರು. ಗಲಾಟೆಯಾಗದಂತೆ ಕೂರಿಸಿಕೊಂಡಿದ್ದರೆ ಅವರಿಗೆ ಸಾಕಿತ್ತು. ನನಗೋ ಹುರುಪು ಜಾಸ್ತಿ, ತಾಳ್ಮೆ ಕಮ್ಮಿ. ಓದಿಸಿಯೇ ತೀರುತ್ತೇನೆಂದು ಹಟ ಹಿಡಿದೆ.

ಐವರಲ್ಲಿ ಒಬ್ಬಳು ಮಲ್ಲಂದೂರಿನವಳು, ಹನ್ನೆರಡು ವರ್ಷ. ಅವಳ ಅಪ್ಪ ರಸ್ತೆ ಬದಿಯ ಶೆಡ್ಡಿನಲ್ಲಿ ಎಸ್ಟೇಟಿನ ಜೀಪುಗಳನ್ನು ರಿಪೇರಿ ಮಾಡುತ್ತಿದ್ದರು. ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿ, ಮಧ್ಯಾಹ್ನ ಶೆಡ್ಡು ಮುಚ್ಚಿ ಕರೆದೊಯ್ಯಲು ಪೇಟೆಗೆ ಬರುತ್ತಿದ್ದರು. ಒಂದು ದಿನ ಗ್ರೀಸು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಹೇಳಿದರು: "ಕಾಫಿ ಕುಯ್ಲು ಶುರುವಾಗೋ ತನ್ಕ ಬರ್ತೀನಿ ಟೀಚರ್. ಆಮೇಲೆ ಕೆಲ್ಸ ಬಿಟ್ಟು ಬರಕ್ಕಾಗಲ್ಲ, ಅವ್ಳೊಬ್ಳೇ ಬಸ್ ಹತ್ತಿ ಬರೋ ಹಾಗಾದ್ರೆ ಶಾಲೆ. ಇಲ್ಲಾಂದ್ರೆ ಮನೇಲೇ ಇರ್ಲಿ ಬಿಡಿ."

ಅಕ್ಷರಮಾಲೆ ಬದಿಗಿಟ್ಟೆ. ಎರಡು ವರ್ಷದಿಂದ ನಾಲ್ಕು ಅಕ್ಷರ ಹತ್ತಿ ಮತ್ತೆ ಮೊದಲಿನ ಮೆಟ್ಟಿಲಿಗೇ ಜಾರುತ್ತಿದ್ದಳು. ಅವಳ ಅಪ್ಪನ ಶೆಡ್ಡಿನಲ್ಲಿ ಬಿದ್ದಿದ್ದ ಹಳೆಯ ಬಸ್ ಬೋರ್ಡೊಂದನ್ನು ತರಿಸಿಕೊಂಡೆ. ತಗಡಿನ ಮೇಲೆ ದಪ್ಪ ಬಿಳಿ ಬಣ್ಣದಲ್ಲಿ 'ಮಲ್ಲಂದೂರು' ಎಂದಿತ್ತು. ಅವಳ ಬೆರಳನ್ನು ಹಿಡಿದು ಅದರ ಮೇಲೆ ಆಡಿಸಿದೆ. ರಟ್ಟಿನ ಮೇಲೆ 'ಮೂಡಿಗೆರೆ', 'ಕಳಸ' ಎಂದು ಬರೆದು ಪಕ್ಕದಲ್ಲಿಟ್ಟು, "ನಿಮ್ಮೂರು ಯಾವುದು, ತೋರ್ಸು" ಎಂದು ದಿನಾ ಕೇಳಿದೆ.

ಆದರೆ ಅವಳು ಶೆಡ್ಡಿನಲ್ಲಿ ಬೆಳೆದವಳು. ಹೊರಗೆ ಬಸ್ಸಿನ ಸದ್ದಾದರೆ ತಲೆಯೆತ್ತದೆಯೇ "ನಮ್ದು" ಅಥವಾ "ನಮ್ದಲ್ಲ" ಎನ್ನುತ್ತಿದ್ದಳು, ತಪ್ಪುತ್ತಲೇ ಇರಲಿಲ್ಲ. ನನಗೆ ರೇಗುತ್ತಿತ್ತು. ಇವಳು ಹೀಗೆ ಅಡ್ಡದಾರಿ ಹಿಡಿದರೆ ಓದುವುದು ಯಾವಾಗ? "ಸದ್ದು ಕೇಳ್ಬೇಡ, ಬೋರ್ಡು ನೋಡು. ಬೋರ್ಡಲ್ಲಿ ಏನಿರತ್ತೋ ಅದೇ ನಿಜ" ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದೆ.

ಕುಯ್ಲು ಶುರುವಾಗುವ ಹೊತ್ತಿಗೆ ಅವಳು ಆ ಮೂರೂ ಹೆಸರು ಓದುತ್ತಿದ್ದಳು. ಒಂದು ವಾರ ನಾನು ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ ನಿಂತು ನೋಡಿದೆ. ತುಟಿ ಅಲುಗಿಸಿ ಓದಿ, ಸರಿಯಾದ ಬಸ್ಸನ್ನೇ ಹತ್ತಿದಳು. ಅಷ್ಟು ಸಂತೋಷ ನನಗೆ ನನ್ನ ಕೆಲಸದ ಆರ್ಡರ್ ಬಂದಾಗಲೂ ಆಗಿರಲಿಲ್ಲ. ಇನ್ನು ನೀವು ಬರುವುದು ಬೇಡವೆಂದು ಅವಳ ಅಪ್ಪನಿಗೆ ಹೇಳಿ ಕಳಿಸಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮರುವಾರದ ಒಂದು ಸಂಜೆ ಆಕೆಯ ಅಪ್ಪ ಏದುಸಿರು ಬಿಡುತ್ತ ನನ್ನ ಮನೆ ಬಾಗಿಲಿಗೆ ಬಂದರು. ಮಗಳು ಊರು ತಲುಪಿರಲಿಲ್ಲ. ಇಬ್ಬರೂ ಬಸ್ ಸ್ಟ್ಯಾಂಡಿಗೆ ಓಡಿದೆವು. ನಾವು ಅಲ್ಲಿ ಕಂಡಕಂಡವರನ್ನು ಕೇಳುತ್ತಿದ್ದಾಗಲೇ ಮೂಡಿಗೆರೆಯಿಂದ ವಾಪಸು ಬಂದ ಬಸ್ಸಿನಿಂದ ಕಂಡಕ್ಟರು ಅವಳನ್ನು ಇಳಿಸಿದ. ಮೂಡಿಗೆರೆಯಲ್ಲಿ ಎಲ್ಲರೂ ಇಳಿದರೂ ಅವಳು ಕೂತೇ ಇದ್ದಳಂತೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮೊಮ್ಮಗಳು ಅಂದುಕೊಂಡು ಏನೂ ಕೇಳಲಿಲ್ಲ ಎಂದ.

ಬಸ್ಸಿನ ಮುಂದೆ ಹೋಗಿ ನೋಡಿದೆ. 'ಮಲ್ಲಂದೂರು' ಎಂದೇ ಇತ್ತು. ಬೆಳಿಗ್ಗೆ ಬದಲಿ ಬಸ್ಸಾಗಿ ಮಲ್ಲಂದೂರಿಗೆ ಹೋಗಿ ಬಂದಿತ್ತಂತೆ, ಬೋರ್ಡು ತೆಗೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ.

"ಬೋರ್ಡು ಯಾರು ನೋಡ್ತಾರೆ ಟೀಚರ್ರೇ? ಎಲ್ಲಾ ನಮ್ಮನ್ನೇ ಕೇಳಿ ಹತ್ತೋದಲ್ವಾ?" ಎಂದ ಕಂಡಕ್ಟರು.

ಬೈಯಬೇಕೆನ್ನಿಸಿತು. ಆದರೆ ಅವನು ಹೇಳಿದ್ದು ನಿಜ. ಕಿಟಕಿಗೆ ಮುಖ ಕೊಟ್ಟು "ಎಲ್ಲಿಗೆ ಮಾರಾಯ?" ಎಂದು ಕೇಳಿ ಹತ್ತುವುದು ನಮ್ಮ ಕಡೆಯ ರೂಢಿ. ನಾನೂ ಹಾಗೇ ಹತ್ತುತ್ತಿದ್ದೆ. ಇಡೀ ಬಸ್ಸಿನಲ್ಲಿ ಬೋರ್ಡು ಓದಿ ಹತ್ತಿದವಳು ಅವಳೊಬ್ಬಳೇ ಇರಬೇಕು.

ಅವಳ ಅಪ್ಪ ಮಗಳ ತಲೆ ಸವರುತ್ತ ಏನೋ ಕೇಳಿದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಸದ್ದು ಕೇಳ್ದಾಗ್ಲೇ ನಮ್ ಬಸ್ಸಲ್ಲ ಅಂತ ಗೊತ್ತಾಯ್ತಂತೆ. ಟೀಚರ್ ಬೋರ್ಡೇ ನಿಜ ಅಂದಿದ್ರಲ್ಲ, ಅದ್ಕೇ ಹತ್ತಿದ್ಲಂತೆ."

ಆ ರಾತ್ರಿ ಅದೇ ಯೋಚನೆ. ಓದು, ಆದರೆ ನಂಬಬೇಡ ಎನ್ನಲೇ? ಮತ್ತೆ ಕಿವಿಯನ್ನೇ ನಂಬು ಎನ್ನಲೇ? ಹಾಗಾದರೆ ಇಷ್ಟು ತಿಂಗಳು ನಾನು ಮಾಡಿದ್ದಾದರೂ ಏನು? ತರಬೇತಿಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

"ಇನ್ನೊಂದ್ಸಲ ನೋಡಣ" ಎಂದು ಅವಳ ಅಪ್ಪ ಸೋಮವಾರ ಮತ್ತೆ ಕಳಿಸಿದರು. ಮಧ್ಯಾಹ್ನ ನಾನೇ ಜೊತೆಗೆ ಹೋದೆ. ಬಸ್ಸು ಬಂದು ನಿಂತಿತು. ಅವಳು ಬೋರ್ಡನ್ನು ನೋಡಿ, ತುಟಿ ಅಲುಗಿಸಿ, "ಮಲ್ಲಂದೂರು" ಎಂದು ಗಟ್ಟಿಯಾಗಿ ಓದಿದಳು. ಹತ್ತಲಿಲ್ಲ. ನನ್ನ ಸೆರಗು ಹಿಡಿದು ಕೇಳಿದಳು:

"ಟೀಚರ್, ಇವತ್ತು ನಿಜಾನಾ?"

ನನಗೆ ಗೊತ್ತಿರಲಿಲ್ಲ. ನಾನು ಕಿಟಕಿಗೆ ಮುಖ ಕೊಟ್ಟು ಕಂಡಕ್ಟರನ್ನು ಕೇಳಿದೆ.